ಮೊಹಾಲಿಯಿಂದ ಧೋಲೇರಾಕ್ಕೆ: ಸ್ವದೇಶಿ ಚಿಪ್ಪಿನ ಐವತ್ತು ವರ್ಷ

ಸ್ವದೇಶಿ ಎಂಬ ಮಾತಿಗೆ ನಮ್ಮ ದೇಶದಲ್ಲಿ ನೂರು ವರ್ಷಕ್ಕೂ ಮೀರಿದ ಇತಿಹಾಸವಿದೆ. ವಂಗಭಂಗದ ಕಾಲದಲ್ಲಿ ಅದು ಬಟ್ಟೆಯ ಮಾತಾಗಿತ್ತು; ದಂಡಿಯಲ್ಲಿ ಉಪ್ಪಿನ ಮಾತಾಯಿತು; ಭಿಲಾಯಿ, ರೂರ್ಕೆಲಾಗಳ ದಿನಗಳಲ್ಲಿ ಉಕ್ಕಿನ ಮಾತಾಯಿತು. ಈಗ ಅದು ಬೆರಳಿನ ಉಗುರಿನಷ್ಟಗಲದ ಸಿಲಿಕಾನ್ ತುಣುಕೊಂದರ ಮೇಲೆ ಬಂದು ನಿಂತಿದೆ. 2021ರ ಡಿಸೆಂಬರಿನಲ್ಲಿ ಕೇಂದ್ರ ಸರ್ಕಾರ ಅರೆವಾಹಕ ಉದ್ಯಮಕ್ಕೆಂದು 76,000 ಕೋಟಿ ರೂಪಾಯಿಗಳ ಯೋಜನೆಯನ್ನು ಪ್ರಕಟಿಸಿತು. 2024ರ ಫೆಬ್ರವರಿಯಲ್ಲಿ ಗುಜರಾತಿನ ಧೋಲೇರಾದಲ್ಲಿ ಟಾಟಾ ಸಂಸ್ಥೆ ತೈವಾನಿನ ಪಿಎಸ್‌ಎಂಸಿಯೊಡನೆ ಸೇರಿ 91,000 ಕೋಟಿ ರೂಪಾಯಿ ವೆಚ್ಚದಲ್ಲಿ ಕಟ್ಟಲಿರುವ ಚಿಪ್ ಕಾರ್ಖಾನೆಗೆ ಸಚಿವ ಸಂಪುಟದ ಒಪ್ಪಿಗೆ ದೊರೆಯಿತು.

ಈ ಸುದ್ದಿಗಳನ್ನು ಓದುವಾಗ ಭಾರತ ಇದೇ ಮೊದಲ ಸಲ ಈ ದಾರಿಗೆ ಕಾಲಿಡುತ್ತಿದೆ ಎಂಬ ಭಾವನೆ ಹುಟ್ಟುತ್ತದೆ. ಅದು ನಿಜವಲ್ಲ. ಇಂಥದೇ ಒಪ್ಪಿಗೆ 1976ರಲ್ಲೂ ಸಂಪುಟದಿಂದ ಹೊರಬಿದ್ದಿತ್ತು. 1984ರಲ್ಲಿ ಪಂಜಾಬಿನ ಮೊಹಾಲಿಯಲ್ಲಿ ಚಿಪ್‌ಗಳು ತಯಾರಾಗತೊಡಗಿದ್ದವು. 1984ರಲ್ಲಿ ಮಾಡಬಲ್ಲವರಾಗಿದ್ದ ನಾವು 2021ರಲ್ಲಿ ಮತ್ತೆ ಅ ಆ ಇ ಈಯಿಂದ ಏಕೆ ಆರಂಭಿಸಬೇಕಾಯಿತು? ಈ ಪ್ರಶ್ನೆಗೆ ಉತ್ತರ ಹುಡುಕದೆ ಧೋಲೇರಾದ ಭವಿಷ್ಯವನ್ನು ಊಹಿಸುವುದು ಕಷ್ಟ.

ಕಥೆ ಮೊದಲಾಗುವುದು ಬೆಂಗಳೂರಿನಲ್ಲಿ. ಅಮೆರಿಕದ ಬೆಲ್ ಪ್ರಯೋಗಾಲಯದಲ್ಲಿ ಟ್ರಾನ್ಸಿಸ್ಟರ್ ಹುಟ್ಟಿದ್ದು 1947ರ ಡಿಸೆಂಬರಿನಲ್ಲಿ. ಜಾಲಹಳ್ಳಿಯ ಭಾರತ್ ಎಲೆಕ್ಟ್ರಾನಿಕ್ಸ್, ಅಂದರೆ ನಮ್ಮವರ ಬಾಯಲ್ಲಿ ಬಿಇಎಲ್, ಸ್ಥಾಪನೆಯಾದದ್ದು 1954ರಲ್ಲಿ. 1962ರ ವೇಳೆಗೆ ಅಲ್ಲಿ ಜರ್ಮೇನಿಯಂ ಅರೆವಾಹಕಗಳು ತಯಾರಾಗತೊಡಗಿದವು. ನಮ್ಮ ಹಳ್ಳಿಗಳಲ್ಲಿ ಟ್ರಾನ್ಸಿಸ್ಟರ್ ಎಂದರೆ ರೇಡಿಯೋ ಎಂದೇ ಅರ್ಥವಾಗಿದ್ದ ಕಾಲವದು. ಜಗತ್ತು ಕಂಡುಹಿಡಿದ ಹದಿನೈದು ವರ್ಷಗಳೊಳಗೆ ಅದನ್ನು ಇಲ್ಲಿ ತಯಾರಿಸಿದ್ದು, ಅಂದಿನ ಬಡತನವನ್ನು ನೆನೆದರೆ, ಸಣ್ಣ ಸಾಧನೆಯಲ್ಲ. 1971ರಲ್ಲಿ ಅದೇ ಬಿಇಎಲ್ ಇಂಟಿಗ್ರೇಟೆಡ್ ಸರ್ಕ್ಯೂಟುಗಳ, ಎಂದರೆ ಇಂದು ನಾವು ಚಿಪ್ ಎನ್ನುವ ವಸ್ತುವಿನ ತಯಾರಿಕೆಗೂ ವ್ಯವಸ್ಥೆ ಮಾಡಿಕೊಂಡಿತು.

1962ರ ಚೀನಾ ಯುದ್ಧ ಎಲೆಕ್ಟ್ರಾನಿಕ್ಸನ್ನು ದೇಶರಕ್ಷಣೆಯ ಪ್ರಶ್ನೆಯಾಗಿಸಿತು. ಹೋಮಿ ಭಾಭಾ ಅವರ ಅಧ್ಯಕ್ಷತೆಯಲ್ಲಿ 1963ರಲ್ಲಿ ನೇಮಕವಾದ ಸಮಿತಿ ಈ ಕ್ಷೇತ್ರದಲ್ಲಿ ಸ್ವಾವಲಂಬನೆಯ ನಕ್ಷೆಯನ್ನು ರೂಪಿಸಿತು. ವರದಿ ಹೊರಬಂದ 1966ರಲ್ಲೇ ಭಾಭಾ ವಿಮಾನ ಅಪಘಾತದಲ್ಲಿ ತೀರಿಕೊಂಡರು. 1970ರಲ್ಲಿ ಎಲೆಕ್ಟ್ರಾನಿಕ್ಸ್ ಇಲಾಖೆ, 1971ರಲ್ಲಿ ಎಂ. ಜಿ. ಕೆ. ಮೆನನ್ ಅವರ ಅಧ್ಯಕ್ಷತೆಯಲ್ಲಿ ಎಲೆಕ್ಟ್ರಾನಿಕ್ಸ್ ಆಯೋಗ ಹುಟ್ಟಿಕೊಂಡವು. ಅದರ ಮುಂದಿನ ಹೆಜ್ಜೆಯೇ 1976ರ ತೀರ್ಮಾನ: ದೊಡ್ಡ ಪ್ರಮಾಣದಲ್ಲಿ ಚಿಪ್ ತಯಾರಿಸುವ ಸಾರ್ವಜನಿಕ ಉದ್ಯಮವೊಂದನ್ನು ಕಟ್ಟಬೇಕು, ಅದಕ್ಕೆ ಸೆಮಿಕಂಡಕ್ಟರ್ ಕಾಂಪ್ಲೆಕ್ಸ್ ಲಿಮಿಟೆಡ್ ಎಂದು ಹೆಸರು.

ಆ 1976ನ್ನು ಓದುಗರು ನೆನಪಿನಲ್ಲಿಡಬೇಕು. ಅದೇ ವರ್ಷ ತೈವಾನ್ ಅಮೆರಿಕದ ಆರ್‌ಸಿಎ ಕಂಪನಿಯೊಡನೆ ಚಿಪ್ ತಂತ್ರಜ್ಞಾನದ ವರ್ಗಾವಣೆಗಾಗಿ ಒಪ್ಪಂದ ಮಾಡಿಕೊಂಡಿತು. ಕೆಲವು ಡಜನ್ ಯುವ ಎಂಜಿನಿಯರುಗಳನ್ನು ಆಯ್ದು ತರಬೇತಿಗೆ ಅಮೆರಿಕಕ್ಕೆ ಕಳುಹಿಸಿತು. ಮರುವರ್ಷವೇ ತೈವಾನಿನಲ್ಲಿ ಒಂದು ಪ್ರಾಯೋಗಿಕ ಕಾರ್ಖಾನೆ ಸಿದ್ಧವಾಯಿತು. 1980ರಲ್ಲಿ ಅದರೊಳಗಿಂದ ಯುಎಂಸಿ ಎಂಬ ಕಂಪನಿ ಹೊರಬಂತು. 1987ರಲ್ಲಿ ಮೋರಿಸ್ ಚಾಂಗ್ ಅವರ ನೇತೃತ್ವದಲ್ಲಿ ಟಿಎಸ್‌ಎಂಸಿ ಹುಟ್ಟಿತು. ಅದರ ಮೊದಲ ಬಂಡವಾಳದ ಅರ್ಧಕ್ಕೆ ಸಮೀಪದ ಪಾಲು ಸರ್ಕಾರದ್ದೇ. ತೈವಾನಿನದು ಖಾಸಗಿಯವರ ಸಾಹಸ, ನಮ್ಮದು ಸರ್ಕಾರದ ಜಡತೆ ಎಂಬ ಸರಳ ವಿವರಣೆ ಇಲ್ಲಿ ನಿಲ್ಲುವುದಿಲ್ಲ. ಎರಡೂ ಕಡೆ ಸರ್ಕಾರವೇ ಮುಂದೆ ನಿಂತಿತ್ತು. ಎರಡೂ ಕಡೆ ಅಮೆರಿಕದ ತಂತ್ರಜ್ಞಾನವನ್ನೇ ಕೊಂಡು ತರಲಾಯಿತು. ಮೊಹಾಲಿಗೆ ಅದು ಬಂದದ್ದು ಅಮೆರಿಕನ್ ಮೈಕ್ರೋಸಿಸ್ಟಮ್ಸ್ ಕಂಪನಿಯಿಂದ.

ವ್ಯತ್ಯಾಸ ಮೊದಲು ಕಾಣಿಸಿಕೊಂಡದ್ದು ಕಾಲದ ಲೆಕ್ಕದಲ್ಲಿ. ನಮ್ಮಲ್ಲಿ 1976ರ ಒಪ್ಪಿಗೆಯಿಂದ 1984ರ ಉತ್ಪಾದನೆಗೆ ಎಂಟು ವರ್ಷ ಹಿಡಿಯಿತು. ಒಂದು ಅಣೆಕಟ್ಟಿಗೆ, ರೈಲುಮಾರ್ಗಕ್ಕೆ ಎಂಟು ವರ್ಷವೆಂದರೆ ನಮ್ಮ ದೇಶದಲ್ಲಿ ಯಾರೂ ಹುಬ್ಬೇರಿಸುವುದಿಲ್ಲ. ತಡವಾಗಿ ಮುಗಿದ ಅಣೆಕಟ್ಟು ಅಷ್ಟೇ ನೀರನ್ನು ಹಿಡಿಯುತ್ತದೆ. ಆದರೆ ಚಿಪ್ಪಿನ ಲೋಕದಲ್ಲಿ ಗೋರ್ಡನ್ ಮೂರ್ ಗುರುತಿಸಿದ ನಿಯಮವೊಂದಿದೆ: ಒಂದು ಚಿಪ್ಪಿನ ಮೇಲೆ ಕೂರಿಸಬಹುದಾದ ಟ್ರಾನ್ಸಿಸ್ಟರುಗಳ ಸಂಖ್ಯೆ ಸುಮಾರು ಎರಡು ವರ್ಷಕ್ಕೊಮ್ಮೆ ಇಮ್ಮಡಿಯಾಗುತ್ತದೆ. ಎಂಟು ವರ್ಷದಲ್ಲಿ ನಾಲ್ಕು ಇಮ್ಮಡಿ, ಎಂದರೆ ಹದಿನಾರು ಪಟ್ಟು. ಕಡತದಲ್ಲಿ ಮಂಜೂರಾದ ವಸ್ತುವೇ ಕಾರ್ಖಾನೆಯಿಂದ ಹೊರಬರುವ ಹೊತ್ತಿಗೆ ಹಳೆಯ ಸರಕಾಗಿರುತ್ತದೆ.

ಕೇಂದ್ರ ಸರ್ಕಾರದ ನೌಕರಿಯಲ್ಲಿರುವ ನಾವು ಇಲ್ಲಿ ಒಂದು ಮಾತು ಹೇಳಲೇಬೇಕು. ಮೂರು ಟೆಂಡರು, ಹಣಕಾಸು ಸಲಹೆಗಾರರ ಸಹಿ, ಲೆಕ್ಕಪರಿಶೋಧನೆಯ ಆಕ್ಷೇಪಣೆ, ಇವೆಲ್ಲ ಯಾರದೋ ಮೂರ್ಖತನದಿಂದ ಹುಟ್ಟಿದವಲ್ಲ. ಸಾರ್ವಜನಿಕರ ಹಣ ಪೋಲಾಗಬಾರದೆಂಬ ನ್ಯಾಯವಾದ ಕಳಕಳಿಯಿಂದ ಹುಟ್ಟಿದವು. ಆದರೆ ಆ ನಿಯಮಗಳೊಳಗೆ ಒಂದು ಗಡಿಯಾರ ಅಡಗಿದೆ. ಅದು ಕಟ್ಟಡ, ರಸ್ತೆ, ಪೀಠೋಪಕರಣಗಳ ಗಡಿಯಾರ. ಚಿಪ್ ಕಾರ್ಖಾನೆಯ ಗಡಿಯಾರದ ಮುಳ್ಳು ಬೇರೆಯೇ ವೇಗದಲ್ಲಿ ತಿರುಗುತ್ತದೆ. ಎರಡನ್ನೂ ಒಂದೇ ಗೋಡೆಗೆ ತೂಗುಹಾಕಿದ್ದೇ ಮೊದಲ ತೊಡಕು.

ಎರಡನೆಯ ತೊಡಕು ತಯಾರಿಕೆಯ ಸ್ವಭಾವದಲ್ಲೇ ಇದೆ. ಸಿಲಿಕಾನ್ ದೊರೆಯುವುದು ಮರಳಿನ ಬಂಧುವಾದ ಬೆಣಚುಕಲ್ಲಿನಿಂದ. ವಿದ್ಯುತ್ ಕುಲುಮೆಯಲ್ಲಿ ಇದ್ದಿಲಿನೊಡನೆ ಕಾಯಿಸಿದರೆ ನೂರಕ್ಕೆ ತೊಂಬತ್ತೆಂಟು ಪಾಲು ಶುದ್ಧವಾದ ಸಿಲಿಕಾನ್ ಸಿಗುತ್ತದೆ. ಲೋಹದ ಕೆಲಸಕ್ಕೆ ಅದು ಸಾಕು. ಚಿಪ್ಪಿಗೆ ಬೇಕಾದ ಶುದ್ಧಿಯೆಂದರೆ ನೂರು ಕೋಟಿ ಪರಮಾಣುಗಳಲ್ಲಿ ಒಂದಕ್ಕಿಂತ ಹೆಚ್ಚು ಕಲ್ಮಶ ಇರಬಾರದು. ಅದಕ್ಕಾಗಿ ಸಿಲಿಕಾನನ್ನು ಒಂದು ದ್ರವರೂಪದ ಸಂಯುಕ್ತವಾಗಿ ಮಾರ್ಪಡಿಸಿ, ಮತ್ತೆ ಮತ್ತೆ ಭಟ್ಟಿ ಇಳಿಸಿ, ಕಾದ ಸರಳುಗಳ ಮೇಲೆ ಪುನಃ ಸಿಲಿಕಾನಾಗಿ ಕೂರಿಸುತ್ತಾರೆ. ಅದನ್ನು ಕರಗಿಸಿ ಒಂದೇ ಹರಳಿನ ದಿಮ್ಮಿಯಾಗಿ ನಿಧಾನಕ್ಕೆ ಮೇಲೆಳೆದು, ತೆಳುವಾದ ಬಿಲ್ಲೆಗಳಾಗಿ ಕೊಯ್ದು, ಕನ್ನಡಿಯಂತೆ ಹೊಳಪಿಸುತ್ತಾರೆ. ಆಮೇಲೆ ಬೆಳಕಿನಿಂದ ನಕಾಶೆ ಮೂಡಿಸುವುದು, ಆಮ್ಲ ಮತ್ತು ಅನಿಲಗಳಿಂದ ಕೊರೆಯುವುದು, ಬೇಕಾದ ಕಲ್ಮಶವನ್ನು ಬೇಕಾದ ಆಳಕ್ಕೆ ತೂರಿಸುವುದು, ಲೋಹದ ತಂತು ಹಾಸುವುದು, ಹೀಗೆ ನೂರಾರು ಹಂತಗಳು. ಇದೆಲ್ಲ ನಡೆಯುವ ಕೊಠಡಿಯ ಮುಂದೆ ಆಸ್ಪತ್ರೆಯ ಶಸ್ತ್ರಚಿಕಿತ್ಸಾ ಕೊಠಡಿಯೂ ಧೂಳು ತುಂಬಿದ ಅಂಗಳದಂತೆ. ಲವಣದ ಸೋಂಕೂ ಇಲ್ಲದ ನೀರು ದಿನಕ್ಕೆ ಲಕ್ಷಾಂತರ ಲೀಟರ್ ಬೇಕು. ವಿದ್ಯುತ್ತು ಅರೆಕ್ಷಣ ಹೋದರೂ ವಾರಗಳ ಕೆಲಸ ಹಾಳಾಗಬಹುದು.

ಒಂದು ಸಣ್ಣ ಲೆಕ್ಕ ಮಾಡಿ ನೋಡೋಣ. ಮುನ್ನೂರು ಹಂತಗಳಿವೆ ಎನ್ನೋಣ. ಪ್ರತಿ ಹಂತದಲ್ಲೂ ನೂರಕ್ಕೆ ತೊಂಬತ್ತೊಂಬತ್ತು ಸರಿಯಾಗಿ ಬರುತ್ತವೆ ಎನ್ನೋಣ. ಪರೀಕ್ಷೆಯಲ್ಲಿ ತೊಂಬತ್ತೊಂಬತ್ತು ಅಂಕ ಬಂದರೆ ನಾವು ಊರಿಗೆಲ್ಲ ಸಿಹಿ ಹಂಚುತ್ತೇವೆ. ಇಲ್ಲಿ ಮುನ್ನೂರು ಹಂತ ದಾಟುವ ಹೊತ್ತಿಗೆ ನೂರರಲ್ಲಿ ಐದು ಚಿಪ್ ಮಾತ್ರ ಸರಿಯಾಗಿ ಉಳಿಯುತ್ತವೆ. ಪ್ರತಿ ಹಂತವೂ ಸಾವಿರಕ್ಕೆ ಒಂಬೈನೂರ ತೊಂಬತ್ತೊಂಬತ್ತು ಸರಿಯಾದರೆ ಕೊನೆಗೆ ನೂರರಲ್ಲಿ ಎಪ್ಪತ್ತನಾಲ್ಕು ಉಳಿಯುತ್ತವೆ. ಲಾಭ ನಷ್ಟ ನಿರ್ಧಾರವಾಗುವುದು ಈ ಅಂತರದಲ್ಲೇ. ಆ ಅಂತರವನ್ನು ತುಂಬುವ ಜ್ಞಾನ ತಂತ್ರಜ್ಞಾನದ ಒಪ್ಪಂದಪತ್ರದಲ್ಲಿ ಬರುವುದಿಲ್ಲ. ಇಂಥ ಕುಲುಮೆ ಮಳೆಗಾಲದಲ್ಲಿ ಹೇಗೆ ವರ್ತಿಸುತ್ತದೆ, ಇಂಥ ಕಲೆ ಬಿಲ್ಲೆಯ ಅಂಚಿನಲ್ಲೇ ಏಕೆ ಮೂಡುತ್ತದೆ ಎಂಬುದು ವರ್ಷಗಟ್ಟಲೆ ಅದೇ ಕೆಲಸ ಮಾಡಿದವರ ಕೈಯಲ್ಲಿ, ಅವರು ಬರೆದಿಟ್ಟ ದಿನಚರಿಯಲ್ಲಿ ಇರುತ್ತದೆ.

ನಮ್ಮ ಮನೆಗಳಲ್ಲಿ ಮೊಸರಿಗೆ ಹೆಪ್ಪು ಹಾಕುವ ಕ್ರಮವನ್ನು ನೆನೆದರೆ ಇದು ಸುಲಭವಾಗಿ ಅರ್ಥವಾದೀತು. ಇಂದಿನ ಮೊಸರಿನಲ್ಲಿ ಒಂದು ಚಮಚ ಉಳಿಸಿದರೆ ಮಾತ್ರ ನಾಳೆಯ ಹಾಲು ಮೊಸರಾಗುತ್ತದೆ. ಹಾಲು, ಪಾತ್ರೆ, ಒಲೆ ಎಲ್ಲವೂ ಇದ್ದು ಹೆಪ್ಪು ತಪ್ಪಿದರೆ ಪಕ್ಕದ ಮನೆಯ ಬಾಗಿಲು ತಟ್ಟಬೇಕು.

ಮೊಹಾಲಿಯವರು ತಡವಾಗಿ ಹೊರಟರೂ ಓಡಿದರು ಎಂಬುದನ್ನು ಇತಿಹಾಸ ಮರೆಯಬಾರದು. 5 ಮೈಕ್ರಾನ್ ತಂತ್ರಜ್ಞಾನದಿಂದ ಆರಂಭಿಸಿದ ಅವರು ಕೆಲವೇ ವರ್ಷಗಳಲ್ಲಿ ಮೂರು, ಎರಡು ಮೈಕ್ರಾನುಗಳನ್ನು ದಾಟಿ ಒಂದು ಮೈಕ್ರಾನಿನ ಆಸುಪಾಸಿಗೆ ಬಂದರು. ಚಿಪ್ಪಿನಲ್ಲಿ ಗೆರೆ ಕಿರಿದಾದಷ್ಟೂ ವಿದ್ಯೆ ಹಿರಿದು. ಜಗತ್ತಿನ ಮುಂಚೂಣಿಗೂ ಅವರಿಗೂ ನಡುವಿನ ದೂರ ದಿನೇ ದಿನೇ ಕುಗ್ಗುತ್ತಿತ್ತು. ಆಗ, 1989ರ ಫೆಬ್ರವರಿ 7ರಂದು, ಮೊಹಾಲಿಯ ಕಾರ್ಖಾನೆಗೆ ಬೆಂಕಿ ಬಿತ್ತು. ಶುದ್ಧ ಕೊಠಡಿಗಳೂ ಯಂತ್ರಗಳೂ ನಾಶವಾದವು.

ಆ ಬೆಂಕಿಯ ಬಗ್ಗೆ ಮೂರು ದಶಕಗಳಿಂದ ನಾನಾ ಊಹೆಗಳು ಹರಿದಾಡುತ್ತಿವೆ. ಆಕಸ್ಮಿಕವೋ ಪಿತೂರಿಯೋ ಎಂಬ ಚರ್ಚೆ ಪ್ರತಿ ಬಾರಿ ಅರೆವಾಹಕದ ಸುದ್ದಿ ಬಂದಾಗಲೂ ಮೇಲೇಳುತ್ತದೆ. ನಮಗೆ ಅದಕ್ಕಿಂತ ಮುಖ್ಯವೆನಿಸುವ ಪ್ರಶ್ನೆ ಬೇರೆ: ಬೆಂಕಿ ಏಕೆ ಬಿತ್ತು ಎನ್ನುವುದಕ್ಕಿಂತ, ಒಂದು ಬೆಂಕಿಗೆ ಒಂದು ದೇಶದ ಉದ್ಯಮವೇ ಏಕೆ ನಿಂತುಹೋಯಿತು? ಅಂಥ ಅನಾಹುತ ಮೊಹಾಲಿಗೆ ಮಾತ್ರ ಬಂದದ್ದಲ್ಲ. 1997ರ ಅಕ್ಟೋಬರಿನಲ್ಲಿ ತೈವಾನಿನ ಸಿಂಚುವಿನಲ್ಲಿ ಯುಎಂಸಿ ಬಳಗದ ಹೊಸ ಕಾರ್ಖಾನೆಯೊಂದು ಬೆಂಕಿಗೆ ಆಹುತಿಯಾಯಿತು. 2000ದ ಮಾರ್ಚಿನಲ್ಲಿ ಅಮೆರಿಕದ ಆಲ್ಬುಕರ್ಕಿಯಲ್ಲಿದ್ದ ಫಿಲಿಪ್ಸ್ ಚಿಪ್ ಕಾರ್ಖಾನೆಯಲ್ಲಿ ಸಿಡಿಲಿನಿಂದ ಹೊತ್ತಿದ ಸಣ್ಣ ಬೆಂಕಿ, ಹೊಗೆಯಿಂದಲೇ ಶುದ್ಧ ಕೊಠಡಿಗಳನ್ನು ಕೆಡಿಸಿತು. ಅವರು ನಷ್ಟ ಅನುಭವಿಸಿದರು, ಆದರೆ ಮುಂದುವರಿದರು. ಸಿಂಚುವಿನಲ್ಲಿ ಪಕ್ಕದ ಬೀದಿಯಲ್ಲೇ ಬೇರೆ ಕಾರ್ಖಾನೆಗಳಿದ್ದವು. ಕಲಿತ ಕೈಗಳಿಗೆ ಮರುದಿನವೇ ಕೆಲಸವಿತ್ತು. ಮೊಹಾಲಿ ಒಂಟಿಯಾಗಿತ್ತು. ಹೆಪ್ಪು ಕೇಳಲು ಪಕ್ಕದ ಮನೆಯೇ ಇರಲಿಲ್ಲ.

ಮರುನಿರ್ಮಾಣದ ಕಾರ್ಯ ನಡೆಯಬೇಕಾದ ಕಾಲದಲ್ಲೇ 1991ರ ವಿದೇಶಿ ವಿನಿಮಯದ ಬಿಕ್ಕಟ್ಟು ಬಂತು. ಚಿನ್ನವನ್ನು ಅಡವಿಟ್ಟ ಸರ್ಕಾರಕ್ಕೆ ಚಿಪ್ ಯಂತ್ರಗಳು ಮೊದಲ ಆದ್ಯತೆಯಾಗುವುದು ಸಾಧ್ಯವಿರಲಿಲ್ಲ. ಕಾರ್ಖಾನೆ ಮತ್ತೆ ಎದ್ದು ನಿಂತದ್ದು ತೊಂಬತ್ತರ ದಶಕದ ಉತ್ತರಾರ್ಧದಲ್ಲಿ. ಆ ಹೊತ್ತಿಗೆ ಜಗತ್ತು 0.35, 0.25 ಮೈಕ್ರಾನಿಗೆ ಇಳಿದಿತ್ತು. ಆಮದಿನ ಬಾಗಿಲು ತೆರೆದು ಹೊರಗಿನ ಚಿಪ್‌ಗಳು ಅಗ್ಗವಾಗಿದ್ದವು. ಇಲ್ಲಿ ತಯಾರಾದುದನ್ನು ಕೊಳ್ಳುವವರು ಸರ್ಕಾರದ ಇಲಾಖೆಗಳಷ್ಟೇ ಎಂಬ ಸ್ಥಿತಿ ಬಂತು.

ಒಂಟಿತನದ ಇನ್ನೊಂದು ಮುಖವನ್ನು ಕಾವೇರಿಯ ದಡದಲ್ಲಿ ಕಾಣಬಹುದು. ಎಂಬತ್ತರ ದಶಕದಲ್ಲಿ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ಪ್ರೊಫೆಸರ್ ಎ. ಆರ್. ವಾಸುದೇವ ಮೂರ್ತಿ ಮತ್ತು ಸಂಗಡಿಗರು ಅತಿಶುದ್ಧ ಸಿಲಿಕಾನ್ ತಯಾರಿಸುವ ವಿಧಾನವನ್ನು ಸ್ವಂತವಾಗಿ ರೂಪಿಸಿದರು. ತಮಿಳುನಾಡಿನ ಮೆಟ್ಟೂರಿನಲ್ಲಿ ಮೆಟ್ಕೆಮ್ ಸಿಲಿಕಾನ್ ಎಂಬ ಉದ್ಯಮ ಅದನ್ನು ಕಾರ್ಖಾನೆಯ ಮಟ್ಟಕ್ಕೆ ಒಯ್ದಿತು. ಪ್ರಯೋಗಾಲಯದ ವಿದ್ಯೆ ಕಾರ್ಖಾನೆಗೆ ಇಳಿದದ್ದು ನಮ್ಮಲ್ಲಿ ಅಪರೂಪದ ಸಂಗತಿ. ಆದರೆ ಅತಿಶುದ್ಧ ಸಿಲಿಕಾನಿಗೆ ಅಗ್ಗದ ಮತ್ತು ಅಖಂಡ ವಿದ್ಯುತ್ತು ಬೇಕು. ಅದನ್ನು ನಿರಂತರ ಕೊಳ್ಳುವ ಹತ್ತಾರು ಚಿಪ್ ಕಾರ್ಖಾನೆಗಳು ಬೇಕು. ದೇಶದಲ್ಲಿದ್ದದ್ದು ಬೆರಳೆಣಿಕೆಯಷ್ಟು. ಇಂದಿಗೂ ಚಿಪ್ ದರ್ಜೆಯ ಸಿಲಿಕಾನಿಗೆ ನಾವು ಹೊರದೇಶಗಳನ್ನೇ ಅವಲಂಬಿಸಿದ್ದೇವೆ.

ಇದೇ ಅವಧಿಯಲ್ಲಿ ಬೆಂಗಳೂರು ಬೇರೆ ದಾರಿ ಹಿಡಿಯಿತು. 1985ರಲ್ಲಿ ಟೆಕ್ಸಾಸ್ ಇನ್‌ಸ್ಟ್ರುಮೆಂಟ್ಸ್ ಅಲ್ಲಿ ತನ್ನ ವಿನ್ಯಾಸ ಕೇಂದ್ರವನ್ನು ತೆರೆಯಿತು. ಅದರ ಹಿಂದೆ ಇನ್ನೂ ಅನೇಕ ಕಂಪನಿಗಳು ಬಂದವು. ಚಿಪ್ಪಿನ ನಕಾಶೆ ಬರೆಯುವ ವಿದ್ಯೆಗೆ ಶುದ್ಧ ಕೊಠಡಿ ಬೇಡ, ಅಖಂಡ ವಿದ್ಯುತ್ತು ಬೇಡ. ಬುದ್ಧಿವಂತ ಎಂಜಿನಿಯರುಗಳೂ ಗಣಕಯಂತ್ರಗಳೂ ಸಾಕು. ಸಿಲಿಕಾನ್ ಎಂಬ ಹೆಸರನ್ನು ಬಿರುದಿನಂತೆ ಹೊತ್ತ ನಮ್ಮ ರಾಜಧಾನಿ ಇಂದು ಜಗತ್ತಿನ ಚಿಪ್‌ಗಳಿಗೆ ನಕಾಶೆ ಬರೆಯುತ್ತದೆ. ತಯಾರಿಕೆಯ ಲೆಕ್ಕಕ್ಕೆ ಬಂದರೆ ಬೆಂಗಳೂರಿನ ಸಿತಾರ್, ಹೈದರಾಬಾದಿನ ಗ್ಯಾಟೆಕ್‌ನಂಥ ರಕ್ಷಣಾ ವಲಯದ ಸಣ್ಣ ಘಟಕಗಳನ್ನಷ್ಟೇ ಹೆಸರಿಸಬೇಕಾಗುತ್ತದೆ. ಅಡುಗೆಯ ಪುಸ್ತಕ ಬರೆಯಬಲ್ಲ ಮನೆಯಲ್ಲಿ ಒಲೆ ಉರಿಯದ ಸ್ಥಿತಿಯಿದು.

ಮೊಹಾಲಿಯ ಒಲೆ ಪೂರ್ತಿ ಆರಲಿಲ್ಲ ಎಂಬುದಕ್ಕೆ ಬಾಹ್ಯಾಕಾಶ ಇಲಾಖೆಗೆ ಕೃತಜ್ಞರಾಗಿರಬೇಕು. 2006ರಲ್ಲಿ ಕಂಪನಿಯ ರೂಪವನ್ನು ಬಿಟ್ಟು ಸೆಮಿಕಂಡಕ್ಟರ್ ಲ್ಯಾಬೊರೇಟರಿ ಎಂಬ ಹೆಸರಿನಲ್ಲಿ ಅದು ಆ ಇಲಾಖೆಯ ಆಶ್ರಯಕ್ಕೆ ಬಂತು. ಇಸ್ರೇಲಿನ ಟವರ್ ಕಂಪನಿಯ ತಂತ್ರಜ್ಞಾನದಿಂದ 180 ನ್ಯಾನೊಮೀಟರಿನ, ಎಂದರೆ 0.18 ಮೈಕ್ರಾನಿನ ಉತ್ಪಾದನಾ ಸಾಲನ್ನು ಕಟ್ಟಿಕೊಂಡಿತು. ಜಗತ್ತಿನ ಮಾರುಕಟ್ಟೆಗೆ ಅದು ಹಳೆಯ ತಲೆಮಾರು. ಆದರೆ ರಾಕೆಟ್ಟಿಗೆ ಬೇಕಾದದ್ದು ವಿಕಿರಣ, ಕಂಪನ, ತಾಪಗಳನ್ನು ತಾಳಿ ಕೈಕೊಡದ ಚಿಪ್. ಉಡಾವಣಾ ವಾಹನಗಳಲ್ಲಿ 2009ರಿಂದ ಬಳಕೆಯಲ್ಲಿದ್ದ 16 ಬಿಟ್‌ನ ವಿಕ್ರಮ್ ಸಂಸ್ಕಾರಕದ ಮುಂದಿನ ರೂಪವಾದ 32 ಬಿಟ್‌ನ ವಿಕ್ರಮ್ 3201 ಮೊಹಾಲಿಯಲ್ಲೇ ತಯಾರಾಗಿ 2025ರ ಮಾರ್ಚಿನಲ್ಲಿ ಇಲಾಖೆಯ ಕೈಸೇರಿತು. 1998ರ ಅಣುಪರೀಕ್ಷೆಯ ನಂತರ ಅಮೆರಿಕ ಇಸ್ರೊ ಮತ್ತು ಡಿಆರ್‌ಡಿಒಗಳ ಅನೇಕ ಘಟಕಗಳ ಮೇಲೆ ನಿರ್ಬಂಧ ಹೇರಿದ್ದನ್ನು ನೆನೆದರೆ, ಈ ಹಳೆಯ ತಲೆಮಾರಿನ ಚಿಪ್ಪಿನ ಬೆಲೆ ತಿಳಿಯುತ್ತದೆ.

ನಡುವೆ ಖಾಸಗಿಯವರನ್ನು ಕರೆತರುವ ಪ್ರಯತ್ನವೂ ಆಗದೆ ಇರಲಿಲ್ಲ. 2013-14ರಲ್ಲಿ ಎರಡು ಒಕ್ಕೂಟಗಳಿಗೆ, ಒಂದಕ್ಕೆ ಉತ್ತರ ಪ್ರದೇಶದಲ್ಲಿ, ಇನ್ನೊಂದಕ್ಕೆ ಗುಜರಾತಿನಲ್ಲಿ, ಕಾರ್ಖಾನೆ ಕಟ್ಟಲು ಒಪ್ಪಿಗೆ ಕೊಡಲಾಯಿತು. ಎರಡೂ ಮೇಲೇಳಲಿಲ್ಲ. 2022ರಲ್ಲಿ ಸದ್ದು ಮಾಡಿದ ವೇದಾಂತ ಮತ್ತು ಫಾಕ್ಸ್‌ಕಾನ್ ಜೋಡಿ 2023ರ ಜುಲೈನಲ್ಲಿ ಬೇರೆಯಾಯಿತು. ಆದ್ದರಿಂದ ಧೋಲೇರಾದ ವಿಷಯದಲ್ಲಿ ಅತ್ಯುತ್ಸಾಹವೂ ಸಲ್ಲ, ಗೇಲಿಯೂ ಸಲ್ಲ. ಈ ಬಾರಿ ಕೆಲವು ಸಂಗತಿಗಳು ನಿಜಕ್ಕೂ ಬೇರೆಯಾಗಿವೆ. ಯೋಜನಾ ವೆಚ್ಚದ ಅರ್ಧವನ್ನು ಕೇಂದ್ರವೇ ಭರಿಸುತ್ತಿದೆ. ತಿಂಗಳಿಗೆ 50,000 ಬಿಲ್ಲೆಗಳ ಗುರಿಯಿದೆ. 28 ನ್ಯಾನೊಮೀಟರಿನಿಂದ 110 ನ್ಯಾನೊಮೀಟರ್‌ವರೆಗಿನ, ಕಾರು, ವಿದ್ಯುತ್ ಉಪಕರಣ, ದೂರಸಂಪರ್ಕಗಳಿಗೆ ಇನ್ನೂ ಬಹುಕಾಲ ಬೇಕಾಗುವ ಚಿಪ್‌ಗಳನ್ನು ಆರಿಸಿಕೊಂಡದ್ದು ವಿವೇಕ. ಸಾಣಂದದಲ್ಲಿ ಮೈಕ್ರಾನ್, ಅಸ್ಸಾಮಿನ ಜಾಗಿರೋಡ್‌ನಲ್ಲಿ ಟಾಟಾ ಕೈಗೊಂಡಿರುವ ಘಟಕಗಳು ಚಿಪ್ ಹುಟ್ಟುವ ಕಾರ್ಖಾನೆಗಳಲ್ಲ, ಬೇರೆಡೆ ಹುಟ್ಟಿದ ಚಿಪ್ಪನ್ನು ಕವಚಕ್ಕೆ ಸೇರಿಸಿ ಪರೀಕ್ಷಿಸುವ ಘಟಕಗಳು. ಪತ್ರಿಕೆಗಳು ಎರಡನ್ನೂ ಒಂದೇ ಹೆಸರಿನಿಂದ ಕರೆಯುವುದರಿಂದ ಗೊಂದಲವಾಗುತ್ತದೆ. ಆದರೂ ಅವುಗಳನ್ನು ಕೀಳಾಗಿ ಕಾಣಬೇಕಿಲ್ಲ. ನೆರೆಮನೆಗಳು ಹುಟ್ಟುವುದು ಹೀಗೆಯೇ.

ಸ್ವದೇಶಿ ಎಂಬ ಮಾತಿನ ಅರ್ಥವನ್ನೂ ನಾವು ತಿದ್ದಿಕೊಳ್ಳಬೇಕಾಗಿದೆ. ಎಲ್ಲವನ್ನೂ ತಾನೇ ಮಾಡಿಕೊಳ್ಳುವ ದೇಶ ಈ ಕ್ಷೇತ್ರದಲ್ಲಿ ಒಂದೂ ಇಲ್ಲ. ಅತಿಸೂಕ್ಷ್ಮ ನಕಾಶೆ ಮೂಡಿಸುವ ಯಂತ್ರಕ್ಕೆ ತೈವಾನ್ ನೆದರ್ಲೆಂಡ್ಸಿನ ಎಎಸ್‌ಎಂಎಲ್ ಕಂಪನಿಯನ್ನು ಅವಲಂಬಿಸಿದೆ. ಲೇಪನದ ರಾಸಾಯನಿಕಗಳಿಗೆ ಎಲ್ಲರೂ ಜಪಾನಿನ ಕಡೆ ನೋಡುತ್ತಾರೆ. ವಿನ್ಯಾಸದ ತಂತ್ರಾಂಶ ಬಹುಪಾಲು ಅಮೆರಿಕದ್ದು. ಹೀಗಿರುವಾಗ ಸ್ವಾವಲಂಬನೆಯೆಂದರೆ, ಈ ಸರಪಳಿಯ ಕೆಲವು ಕೊಂಡಿಗಳಾದರೂ ನಮ್ಮ ಕೈಯಲ್ಲಿದ್ದು, ನಮ್ಮನ್ನು ಬಿಟ್ಟು ಇತರರು ಮುಂದೆ ಹೋಗಲಾಗದಂತೆ ಇರುವುದು.

ಮುಂದಿನ ದಿನಗಳಲ್ಲಿ ಉದ್ಘಾಟನೆಯ ಚಿತ್ರಗಳು, ಮೊದಲ ಚಿಪ್ಪಿನ ಸಂಭ್ರಮ ಸಹಜವಾಗಿ ಬರಲಿವೆ. ಮೊಹಾಲಿಯ ಇತಿಹಾಸ ಓದಿದವರು ಅವುಗಳ ಜೊತೆಗೆ ಬೇರೆ ಪ್ರಶ್ನೆಗಳನ್ನೂ ಕೇಳಬೇಕು. ಎಂಟನೆಯ ವರ್ಷದ ಮುಂಗಡಪತ್ರದಲ್ಲಿ ಹೊಸ ಯಂತ್ರಗಳಿಗೆ ಹಣವಿದೆಯೇ? ಮೊದಲ ತಂಡದ ಎಂಜಿನಿಯರುಗಳಲ್ಲಿ ಎಷ್ಟು ಮಂದಿ ಇನ್ನೂ ಅದೇ ಕೆಲಸದಲ್ಲಿದ್ದಾರೆ? ಎರಡನೆಯ, ಮೂರನೆಯ ಕಾರ್ಖಾನೆ ಮೇಲೆದ್ದಿದೆಯೇ? ಸರ್ಕಾರ ಬದಲಾದಾಗ, ಮಂತ್ರಿ ಬದಲಾದಾಗ ಕಡತ ನಿಂತಿತೇ, ನಡೆಯಿತೇ? ತೈವಾನ್ 1976ರಲ್ಲಿ ಕಲಿಯಲು ಕಳುಹಿಸಿದವರಲ್ಲಿ ಒಬ್ಬರಾದ ತ್ಸಾಯ್ ಮಿಂಗ್-ಕಾಯ್ ಮುಂದೆ ಮೀಡಿಯಾಟೆಕ್ ಕಟ್ಟಿದರು. ಇಂದು ನಮ್ಮ ಅನೇಕರ ಜೇಬಿನ ಫೋನಿನಲ್ಲಿ ಆ ಕಂಪನಿಯ ಚಿಪ್ ಇದೆ. 1984ರಲ್ಲಿ ಮೊಹಾಲಿಯಲ್ಲಿ ಕೆಲಸ ಕಲಿತ ನಮ್ಮವರೂ ಅವರಿಗಿಂತ ಕಡಿಮೆಯವರಾಗಿರಲಿಲ್ಲ. ಬೆಂಕಿಯ ಮರುದಿನ ಅವರಿಗೆ ಹೋಗಲು ಇನ್ನೊಂದು ಕಾರ್ಖಾನೆ ಇರಲಿಲ್ಲ, ಅಷ್ಟೇ. ಧೋಲೇರಾದ ಪಕ್ಕದಲ್ಲಿ ಆ ಇನ್ನೊಂದು ಕಾರ್ಖಾನೆಯನ್ನು ಕಟ್ಟುವವರೆಗೆ ಮೊಹಾಲಿಯ ಪಾಠ ಮುಗಿಯುವುದಿಲ್ಲ.